ವಿಪತ್ಕಾಲದ ವೈದ್ಯವೂ ಕೈಯಭ್ಯಾಸದ ಪೂರ್ವೋತ್ತರವೂ

ಆಚರಣೆಗೆ ಬಾರದ ಅರಿವು ಹೊರೆಯೆಂಬುದು ಶರಣಮಾರ್ಗದಲ್ಲಿ ನಡೆವವರಿಗೆ ಹೊಸತಾಗಿ ಹೇಳಬೇಕಾದ ಮಾತಲ್ಲ. ಕಾಯಕವೆಂಬ ಪದದೊಳಗೇ ಕೈಯ ದುಡಿಮೆಯೂ ಮನದ ನಿಷ್ಠೆಯೂ ಕೂಡಿಕೊಂಡಿರುವುವು. ಹನ್ನೆರಡನೆಯ ಶತಮಾನದ ವಚನಕಾರರ ಸಾಲಿನಲ್ಲಿ ವೈದ್ಯ ಸಂಗಣ್ಣನೆಂಬ ಶರಣನು ರೋಗಿಗಳ ಸೇವೆಯನ್ನೇ ಕಾಯಕವಾಗಿ ಕೈಕೊಂಡಿದ್ದನು. ಇತರ ಕಸುಬುಗಳಲ್ಲಿ ತಪ್ಪಿದವನು ತಾನೇ ನಷ್ಟವನ್ನು ಅನುಭವಿಸಿ ತಿದ್ದಿಕೊಳ್ಳಬಹುದು. ವೈದ್ಯನ ತಪ್ಪಿಗಾದರೋ ದಂಡ ತೆರುವವನು ರೋಗಿ. ಹಾಗಾದರೆ ಕಲಿಯುವವನು ರೋಗಿಯನ್ನು ನೋಯಿಸದೆ ತನ್ನ ಕೈಯನ್ನು ಪಳಗಿಸಿಕೊಳ್ಳುವುದೆಂತು? ಒಬ್ಬರಲ್ಲ, ನೂರು ಮಂದಿ ಗಾಯಾಳುಗಳು ಏಕಕಾಲಕ್ಕೆ ಬಂದು ಬಿದ್ದಾಗ ಮಾಡಬೇಕಾದುದನ್ನು ಆ ದುರ್ದಿನವು ಬರುವ ಮೊದಲೇ ಅರಿಯುವುದೆಂತು? ಈ ಎರಡು ಪ್ರಶ್ನೆಗಳಿಗೆ ಕಾಲಕಾಲಕ್ಕೆ ದೊರೆತ ಉತ್ತರಗಳ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗುವುದು.

ಮೊದಲನೆಯ ಪ್ರಶ್ನೆಗೆ ದೊರೆತ ಅತಿ ಪುರಾತನವಾದ ಉತ್ತರಗಳಲ್ಲೊಂದು ಭರತಖಂಡದ್ದೇ ಆಗಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯವೆಂದು ಹೆಸರು. ಯೋಗ್ಯಾ ಎಂದರೆ ಕರ್ಮಾಭ್ಯಾಸ. ಎಷ್ಟು ಶಾಸ್ತ್ರವನ್ನು ಕೇಳಿದ್ದರೂ ಈ ಅಭ್ಯಾಸವಿಲ್ಲದವನು ಚಿಕಿತ್ಸೆಗೆ ಅಯೋಗ್ಯನೆಂದು ಆಚಾರ್ಯನ ಮತ. ಆದುದರಿಂದ ಶಿಷ್ಯನು ಕುಂಬಳ, ಸೋರೆ, ಕಲ್ಲಂಗಡಿ, ಸೌತೆ ಮೊದಲಾದ ಕಾಯಿಗಳಲ್ಲಿ ಕೊಯ್ಯುವುದನ್ನು ಕಲಿಯಬೇಕು. ನೀರನ್ನಾಗಲಿ ಕೆಸರನ್ನಾಗಲಿ ತುಂಬಿದ ತೊಗಲಿನ ಚೀಲಗಳಲ್ಲಿ ಸೀಳುವುದನ್ನು, ರೋಮಸಹಿತವಾದ ಚರ್ಮದಲ್ಲಿ ಕೆರೆಯುವುದನ್ನು, ಸತ್ತ ಪಶುಗಳ ಸಿರೆಗಳಲ್ಲಿಯೂ ನೈದಿಲೆಯ ನಾಳದಲ್ಲಿಯೂ ಚುಚ್ಚುವುದನ್ನು, ಹುಳು ತಿಂದ ಮರದಲ್ಲಿ ಸಲಾಕೆಯಿಟ್ಟು ಶೋಧಿಸುವುದನ್ನು, ಹಲಸು ಬಿಲ್ವಗಳ ತಿರುಳಿನಲ್ಲಿ ಹೊಕ್ಕುದನ್ನು ಹೊರತೆಗೆಯುವುದನ್ನು, ಬಟ್ಟೆಯ ಅಂಚಿನಲ್ಲಿಯೂ ಮೃದುವಾದ ತೊಗಲಿನಲ್ಲಿಯೂ ಹೊಲಿಯುವುದನ್ನು ಸಾಧಿಸಬೇಕು. ಗಾಯಕ್ಕೆ ಕಟ್ಟು ಕಟ್ಟುವ ಅಭ್ಯಾಸಕ್ಕಾಗಿ ಅಂಗಪ್ರತ್ಯಂಗಗಳುಳ್ಳ ಮನುಷ್ಯಾಕಾರದ ಬೊಂಬೆಯನ್ನೇ ವಿಧಿಸಿದೆ. ಅದನ್ನು ಪುಸ್ತಮಯಪುರುಷನೆಂದು ಕರೆದಿದೆ. ಅದೇ ಗ್ರಂಥದಲ್ಲಿ ಇನ್ನೊಂದೆಡೆ, ಕೇವಲ ಶಾಸ್ತ್ರವನ್ನು ಬಲ್ಲವನು ರೋಗಿಯನ್ನು ಕಂಡೊಡನೆ ರಣರಂಗವನ್ನು ಹೊಕ್ಕ ಹೇಡಿಯಂತೆ ದಿಕ್ಕುಗೆಡುವನೆಂದು ಹೇಳಿದೆ. ವಿಪತ್ಕಾಲದ ವೈದ್ಯಶಿಕ್ಷಣಕ್ಕೆ ಇದಕ್ಕಿಂತ ಮಿಗಿಲಾದ ಪೀಠಿಕೆ ಬೇಕಿಲ್ಲ.

ಬೊಂಬೆಯಿಂದ ಕಲಿಸುವ ಯುಕ್ತಿಯು ಹದಿನೆಂಟನೆಯ ಶತಮಾನದ ಫ್ರಾನ್ಸ್ ದೇಶದಲ್ಲಿ ಮತ್ತೊಂದು ರೂಪದಿಂದ ಕಾಣಿಸಿಕೊಂಡಿತು. ಅಲ್ಲಿಯ ಗ್ರಾಮಗಳಲ್ಲಿ ಪ್ರಸವಕಾಲದಲ್ಲಿ ತಾಯಿಮಕ್ಕಳು ಸಾಯುವುದನ್ನು ತಪ್ಪಿಸುವುದಕ್ಕಾಗಿ, 15ನೆಯ ಲೂಯಿ ದೊರೆಯು 1759ರಲ್ಲಿ ಮದಾಂ ದು ಕೂದ್ರೆ ಎಂಬ ಸೂಲಗಿತ್ತಿಗೆ ದೇಶಸಂಚಾರ ಮಾಡಿ ಪಾಠ ಹೇಳುವ ಅಧಿಕಾರವನ್ನು ಕೊಟ್ಟನು. ಅಕ್ಷರವರಿಯದ ಹಳ್ಳಿಯ ಹೆಂಗಸರಿಗೆ ಗ್ರಂಥದಿಂದ ಪ್ರಯೋಜನವೇನು? ಆಕೆಯು ಬಟ್ಟೆ, ತೊಗಲುಗಳಿಂದ ಗರ್ಭಿಣಿಯ ದೇಹದ ಕೆಳಭಾಗವನ್ನೂ ಒಳಗಿನ ಶಿಶುವನ್ನೂ ರಚಿಸಿ, ಅಡ್ಡಬಿದ್ದ ಕೂಸನ್ನು ತಿರುಗಿಸುವ ಬಗೆಯನ್ನು ಅವರ ಕೈಗಳಿಂದಲೇ ಮಾಡಿಸಿ ತೋರಿಸಿದಳು. ಸಾವಿರಾರು ಸ್ತ್ರೀಯರು ಹೀಗೆ ಕಲಿತರು.

ಎರಡನೆಯ ಪ್ರಶ್ನೆಗೆ ಉತ್ತರವು ಯುದ್ಧಭೂಮಿಯಿಂದ ಬಂದಿತು. ನೆಪೋಲಿಯನ್ನನ ಸೇನಾವೈದ್ಯನಾದ ಡಾಮಿನಿಕ್ ಲಾರೆಯು (1766-1842) ಗಾಯಾಳುಗಳನ್ನು ಕಾಳಗ ನಡೆಯುತ್ತಿರುವಾಗಲೇ ಸಾಗಿಸುವ ಹಗುರವಾದ ಬಂಡಿಗಳನ್ನು 1792ರ ಸುಮಾರಿಗೆ ಏರ್ಪಡಿಸಿದನು. ಅದಕ್ಕಿಂತಲೂ ದೊಡ್ಡದು ಅವನು ಪಾಲಿಸಿದ ನಿಯಮ. ಪದವಿಯನ್ನು ನೋಡದೆ, ಗಾಯದ ಉಗ್ರತೆಯನ್ನು ಮಾತ್ರ ನೋಡಿ ಮೊದಲು ಯಾರಿಗೆ ಚಿಕಿತ್ಸೆಯೆಂಬುದನ್ನು ನಿರ್ಣಯಿಸಬೇಕು. ದಳಪತಿಯಾದರೂ ಸರಿ, ಕಾಲಾಳಾದರೂ ಸರಿ. ಕುಲವನ್ನೂ ಸಿರಿಯನ್ನೂ ಎಣಿಸದ ಶರಣಧರ್ಮದವರಿಗೆ ಈ ನಿಯಮವು ಪರಕೀಯವೆನಿಸದು. ಕ್ರಿಮಿಯಾ ಯುದ್ಧದಲ್ಲಿ ಸೆವಸ್ತಪೋಲ್ ನಗರದ ಮುತ್ತಿಗೆಯ ಕಾಲಕ್ಕೆ (1854-55) ರಷ್ಯದ ಪಿರೊಗೋವನು ಗಾಯಾಳುಗಳನ್ನು ವರ್ಗಗಳಾಗಿ ವಿಂಗಡಿಸುವ ಪದ್ಧತಿಯನ್ನು ಬಲಪಡಿಸಿದನು. ಕಣದಲ್ಲಿ ಒಕ್ಕಲಿಗನು ರಾಶಿಯನ್ನು ವಿಂಗಡಿಸುವಂತೆ ನಡೆಯುವ ಈ ಕಾರ್ಯಕ್ಕೆ ಫ್ರೆಂಚ್ ಭಾಷೆಯಿಂದ ಬಂದ ಟ್ರಯಾಜ್ ಎಂಬ ಹೆಸರು ನಿಂತಿದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಎರಡು ಧಾರೆಗಳೂ ಕೂಡಿದುವು. ನಿಂತುಹೋದ ಉಸಿರನ್ನು ಬಾಯಿಂದ ಊದಿ ಮರಳಿಸುವ ವಿಧಾನವನ್ನು ಪೀಟರ್ ಸಾಫರ್ ಮೊದಲಾದವರು 1950ರ ದಶಕದ ಕೊನೆಯಲ್ಲಿ ಸ್ಥಾಪಿಸಿದರು. ಅದನ್ನು ಜೀವಂತ ಮನುಷ್ಯರ ಮೇಲೆ ಅಭ್ಯಸಿಸುವುದು ಸಲ್ಲದಾದುದರಿಂದ, ನಾರ್ವೆ ದೇಶದ ಆಟಿಕೆಗಳ ತಯಾರಕನಾದ ಆಸ್ಮುಂಡ್ ಲೇರ್ಡಾಲನು 1960ರಲ್ಲಿ ಮನುಷ್ಯಪ್ರಮಾಣದ ಬೊಂಬೆಯೊಂದನ್ನು ನಿರ್ಮಿಸಿದನು. ಸೀನ್ ನದಿಯಲ್ಲಿ ಮುಳುಗಿ ಸತ್ತಳೆಂದು ಜನರು ಹೇಳುತ್ತಿದ್ದ ಹೆಸರಿಲ್ಲದ ಯುವತಿಯ ಮುಖದ ಅಚ್ಚನ್ನೇ ಅದಕ್ಕಿಟ್ಟನು. 1983ರಲ್ಲಿ ಕ್ಯಾಲಿಫೋರ್ನಿಯದ ನ್ಯೂಪೋರ್ಟ್ ಬೀಚ್ ಪಟ್ಟಣದಲ್ಲಿ ಆಸ್ಪತ್ರೆಯವರೂ ಅಗ್ನಿಶಾಮಕ ದಳದವರೂ ಸೇರಿ ವಿಂಗಡಣೆಯ ಸುಲಭಕ್ರಮವೊಂದನ್ನು ರೂಪಿಸಿದರು. ಅದರ ಪ್ರಕಾರ ನಡೆಯಬಲ್ಲವರನ್ನು ಒಂದೆಡೆಗೆ ಕಳುಹಿಸಿ ಹಸುರು ಚೀಟಿ ಕಟ್ಟುವುದು. ಉಳಿದವರಲ್ಲಿ ಉಸಿರಾಟವು ನಿಮಿಷಕ್ಕೆ 30ನ್ನು ಮೀರಿದವರಿಗೆ, ಕೈನಾಡಿಯಾಗಲಿ ಉಗುರಿನ ರಕ್ತಸಂಚಾರವಾಗಲಿ ಕುಂದಿದವರಿಗೆ, ಹೇಳಿದ ಸರಳವಾದ ಮಾತಿನಂತೆ ನಡೆಯಲಾರದವರಿಗೆ ಕೆಂಪು ಚೀಟಿ. ಸ್ವಲ್ಪ ಕಾಯಬಲ್ಲವರಿಗೆ ಹಳದಿ. ಶ್ವಾಸಮಾರ್ಗವನ್ನು ಬಿಡಿಸಿದರೂ ಉಸಿರಾಡದವರಿಗೆ ಕಪ್ಪು. ಒಬ್ಬೊಬ್ಬರಿಗೆ ಒಂದು ನಿಮಿಷವೂ ಸಲ್ಲದು.

ಈ ವಿದ್ಯೆಯ ಅಗತ್ಯವನ್ನು ಭಾರತವು ಕಷ್ಟದಿಂದ ಅರಿಯಿತು. 1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವದಲ್ಲಿ, ಗಣಪತಿಯ ವಿಸರ್ಜನೆ ಮುಗಿಸಿ ಜನರು ಮಲಗಿದ್ದಾಗ, ಬೀದರ್ ಕಲಬುರಗಿ ಸೀಮೆಗೆ ಸಮೀಪವಾದ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಕಲ್ಲುಮಣ್ಣಿನ ಭಾರವಾದ ಮನೆಗಳಡಿಯಲ್ಲಿ ಸಾವಿರಾರು ಜನರು ಮಡಿದರು. 2001ರ ಜನವರಿ 26ರ ಭೂಕಂಪದಲ್ಲಿ ಭುಜ್ ನಗರದ ಆಸ್ಪತ್ರೆಯೇ ಕುಸಿದು, ಗಾಯಾಳುಗಳನ್ನು ಬಯಲಿನಲ್ಲಿ ಉಪಚರಿಸಬೇಕಾಯಿತು. ಆಸರೆಯಾಗಬೇಕಾದ ಗೋಡೆಯೇ ಬಿದ್ದ ಮೇಲೆ ಉಳಿಯುವುದು ವೈದ್ಯನ ಕೈಯೊಂದೇ. ತರುವಾಯ 2005ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆಯು ಅಂಗೀಕೃತವಾಯಿತು. 2019ರಿಂದ ಜಾರಿಗೆ ಬಂದ ವೈದ್ಯಪಠ್ಯಕ್ರಮದಲ್ಲಿ ವಿಪತ್ತು ನಿರ್ವಹಣೆಯು ಪಾಠಭಾಗವಾಗಿ, ಬೊಂಬೆಗಳ ಮೇಲೆ ಕೈ ಪಳಗಿಸುವ ಸ್ಕಿಲ್ ಲ್ಯಾಬ್ ಕಾಲೇಜುಗಳಿಗೆ ಅವಶ್ಯವೆನಿಸಿತು.

ಈ ಶಿಕ್ಷಣದ ಕ್ರಮವು ಕುತೂಹಲಕರವಾಗಿದೆ. ಬಸ್ಸು ಉರುಳಿತೆಂದೋ ಕಟ್ಟಡ ಕುಸಿಯಿತೆಂದೋ ಕಲ್ಪಿಸಿ, ಕೆಲವರ ಮೈಗೆ ಬಣ್ಣದಿಂದ ಗಾಯಗಳನ್ನು ಬರೆದು ಮಲಗಿಸುವರು. ಇನ್ನು ಕೆಲವರು ಬಂಧುಗಳಾಗಿ ಗೋಳಿಡುವರು. ವಿದ್ಯಾರ್ಥಿಗಳು ಚೀಟಿಗಳನ್ನು ಹಿಡಿದು ಆ ಗದ್ದಲದ ನಡುವೆ ಪ್ರವೇಶಿಸುವರು. ಆಗ ಮೊದಲ ಸಲಕ್ಕೆ ತಿಳಿಯುವುದೇನೆಂದರೆ, ಗಟ್ಟಿಯಾಗಿ ಕೂಗುವವನಿಗೆ ಉಸಿರಿದೆ. ಮೂಲೆಯಲ್ಲಿ ಸುಮ್ಮನಿರುವವನೇ ಸಾಯುತ್ತಿರಬಹುದು. ಮುಗಿದ ಬಳಿಕ ಎಲ್ಲರೂ ಕುಳಿತು, ಎಲ್ಲಿ ಕಾಲ ವ್ಯರ್ಥವಾಯಿತು, ಯಾರಿಗೆ ಯಾವ ಚೀಟಿ ತಪ್ಪಿತು ಎಂಬುದನ್ನು ನಿಂದೆಯಿಲ್ಲದೆ ವಿಮರ್ಶಿಸುವರು. ಅಭ್ಯಾಸದ ಅರ್ಧ ಫಲವು ಈ ಗೋಷ್ಠಿಯಲ್ಲಿಯೇ ಇದೆ. ಅಲ್ಲಿ ಮಾಡಿದ ತಪ್ಪಿಗೆ ಯಾವ ಜೀವವೂ ಬಲಿಯಾಗುವುದಿಲ್ಲ.

ಇದರಲ್ಲಿ ಅತ್ಯಂತ ಕಠಿಣವಾದುದು ಕಪ್ಪು ಚೀಟಿ. ದಿನನಿತ್ಯದ ವೈದ್ಯದಲ್ಲಿ ಕೊನೆಯ ಉಸಿರಿನವರೆಗೂ ಹೋರಾಡುವುದು ಧರ್ಮ. ವಿಪತ್ತಿನಲ್ಲಿಯಾದರೋ ಉಳಿಯಲಾರದವನ ಬಳಿ ನಿಂತಷ್ಟು ಹೊತ್ತಿನಲ್ಲಿ ಉಳಿಯಬಲ್ಲ ಇನ್ನೊಬ್ಬನು ಅಸುನೀಗುವನು. ದಾಟಿ ಹೋಗುವುದು ನಿರ್ದಯೆಯಲ್ಲವೆ ಎಂದು ಭಕ್ತಹೃದಯವು ಕೇಳುವುದು ಸಹಜ. ಒಬ್ಬನ ಮೇಲಣ ಕರುಣೆಯನ್ನು ಎಲ್ಲರಿಗೂ ಹಂಚಬೇಕಾದಾಗ ದಯೆಯು ಈ ರೂಪವನ್ನು ತಾಳುವುದೆಂದೇ ಉತ್ತರ. ಸಹಾಯ ಒದಗಿದೊಡನೆ ಮತ್ತೆ ಬಂದು ನೋಡಬೇಕೆಂಬುದೂ, ಸಾಯುವವನ ಬಳಿಯೂ ಯಾರಾದರೂ ಇರುವಂತೆ ಯತ್ನಿಸಬೇಕೆಂಬುದೂ ಈ ಶಿಕ್ಷಣದೊಳಗೇ ಸೇರಿವೆ. ಇಂತಹ ನಿರ್ಣಯವನ್ನು ಮೊತ್ತಮೊದಲು ನಿಜವಾದ ರಕ್ತದ ನಡುವೆಯೇ ಮಾಡಬೇಕಾದರೆ ತರುಣನ ಕೈಯೂ ಮನವೂ ಮುರಿಯುವುವು. ಪೂರ್ವಾಭ್ಯಾಸದ ಪರಮಪ್ರಯೋಜನವು ಇದೇ.

ಲಿಂಗಾಯತ ಸಮಾಜದ ವಿದ್ಯಾದಾಸೋಹವು ವೈದ್ಯಶಿಕ್ಷಣಕ್ಕೂ ಹಬ್ಬಿರುವುದು ಸರ್ವವಿದಿತವು. ಬೆಳಗಾವಿಯಲ್ಲಿ ಕೆ. ಎಲ್. ಇ. ಸಂಸ್ಥೆಯ ವೈದ್ಯಕಾಲೇಜು 1963ರಲ್ಲಿಯೂ, ಮೈಸೂರಿನಲ್ಲಿ ಸುತ್ತೂರು ಶ್ರೀಮಠದ ಆಶ್ರಯದ ಜೆ. ಎಸ್. ಎಸ್. ವೈದ್ಯಕಾಲೇಜು 1984ರಲ್ಲಿಯೂ ಸ್ಥಾಪಿತವಾದುವು. ಆದರೆ ವಿಪತ್ತು ಬಂದಾಗ ಮೊದಲು ಕೈನೀಡುವವರು ವೈದ್ಯರಲ್ಲ, ನೆರೆಯವರು. ಜಾತ್ರೆ, ರಥೋತ್ಸವಗಳಲ್ಲಿ ಲಕ್ಷಗಟ್ಟಲೆ ಜನರು ಸೇರುವ ಮಠಮಾನ್ಯಗಳ ಶಿಷ್ಯರಿಗೆ ಇದು ದೂರದ ಮಾತಲ್ಲ. ನಿಂತ ಉಸಿರನ್ನು ಮರಳಿಸುವುದು, ಸುರಿಯುವ ನೆತ್ತರನ್ನು ಒತ್ತಿ ನಿಲ್ಲಿಸುವುದು, ಗಾಯಾಳುವಿಗೆ ದಾರಿ ಬಿಡುವುದು ಇವಿಷ್ಟನ್ನು ತರುಣರು ಬೊಂಬೆಯ ಮೇಲೆ ಕಲಿಯಲಿ. ಅಣಕು ಅಭ್ಯಾಸಗಳು ನಡೆದಾಗ ಗಾಯಾಳುಗಳ ವೇಷ ಹಾಕಿ ಮಲಗಲು ಮುಂದೆ ಬರಲಿ. ಅನ್ನದಾಸೋಹದ ಪಂಕ್ತಿಯಲ್ಲಿ ಬಡಿಸುವ ಕೈ ಹೇಗೆ ಅಭ್ಯಾಸದಿಂದ ತಪ್ಪದೆ ನಡೆಯುವುದೋ, ಹಾಗೆಯೇ ಪ್ರಾಣವನ್ನು ಕಾಯುವ ಕೈಯೂ ಅಭ್ಯಾಸದಿಂದಲೇ ಸಿದ್ಧವಾಗಬೇಕು. ಆ ಸಿದ್ಧತೆಯು ಶಾಂತಿಯ ದಿನಗಳಲ್ಲಿ ನಡೆಯತಕ್ಕ ಕಾಯಕವಾಗಿದೆ.