ಪರರಿಗೆ ಭಾರವಾದೆನೆಂಬ ವ್ಯಥೆ: ನೋವಿನ ಚಿಕಿತ್ಸೆ ನಡೆದು ಬಂದ ದಾರಿ

ಪಿರಿಯಾಪಟ್ಟಣದ ಕೆಮ್ಮಣ್ಣಿನ ಹೊಲಗಳಲ್ಲಿ ಮಳೆಗಾಲದ ನಡುವೆ ಹೊಗೆಸೊಪ್ಪಿನ ಬುಡದ ಎಲೆಗಳನ್ನು ಮೊದಲು ಬಿಡಿಸಬೇಕಾಗುವುದರಿಂದ ಸೊಂಟ ಬಗ್ಗಿಸಿಯೇ ಸಾಲು ಸಾಲನ್ನೂ ಮುಗಿಸಬೇಕು. ಬಿಡಿಸಿದ ಎಲೆಯನ್ನು ಹೆಂಗಸರು ದಿನವಿಡೀ ಕುಳಿತು ಕಡ್ಡಿಗೆ ಕಟ್ಟಬೇಕು. ಎಲೆಯನ್ನು ಹದಮಾಡುವ ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲಿರುಳೆನ್ನದೆ ಬೆಂಕಿಯ ಹದವನ್ನು ಕಾಯಬೇಕು. ಹುಣಸೂರು, ಕಂಪಲಾಪುರಗಳ ಸುತ್ತಣ ಹಳ್ಳಿಗಳ ದುಡಿಮೆಯೂ ಇದೇ ಬಗೆಯದು. ಹೀಗೆ ಹತ್ತಾರು ವರ್ಷ ಬಾಗಿದ ಬೆನ್ನು ಒಂದು ದಿನ ನೆಟ್ಟಗಾಗಲಾರೆನೆಂದಾಗ, ಜಗಲಿಯ ಮೇಲೆ ಕುಳಿತ ಆ ಜೀವವು ಆಡುವ ಮೊದಲ ಮಾತು ಅನೇಕ ವೇಳೆ ನೋವನ್ನು ಕುರಿತದ್ದಾಗಿರುವುದಿಲ್ಲ. "ಮಕ್ಕಳಿಗೆ ಭಾರ ಆಗ್ಬಿಟ್ಟೆ", "ಕೈಕಾಲು ಗಟ್ಟಿ ಇರೋವಾಗ್ಲೇ ಹೋಗ್ಬಿಡ್ಬೇಕಿತ್ತು" ಎಂಬ ಮಾತುಗಳನ್ನು ಕೇಳದ ಮನೆ ಈ ಸೀಮೆಯಲ್ಲಿ ವಿರಳ. ವೈದ್ಯಶಾಸ್ತ್ರವು ಈ ಮಾತಿಗೆ ಕಿವಿಗೊಡಲು ಎಷ್ಟು ಕಾಲ ಹಿಡಿಯಿತು, ಕಿವಿಗೊಟ್ಟ ಮೇಲೆ ಏನನ್ನು ಅರಿಯಿತು, ಆ ಅರಿವು ನಮ್ಮ ತಾಲ್ಲೂಕುಗಳಿಗೆ ಎಷ್ಟರಮಟ್ಟಿಗೆ ತಲುಪಿದೆ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇಪ್ಪತ್ತನೆಯ ಶತಮಾನದ ನಡುವಿನವರೆಗೂ ನೋವೆಂಬುದು ರೋಗದ ಸೂಚನೆ ಮಾತ್ರವೆಂದೂ, ರೋಗವನ್ನು ಕಳೆದರೆ ಅದು ತಾನಾಗಿ ಅಳಿಯುವುದೆಂದೂ ವೈದ್ಯರು ನಂಬಿದ್ದರು. ಅಮೆರಿಕದ ಅರಿವಳಿಕೆ ವೈದ್ಯ ಜಾನ್ ಬೊನಿಕಾ 1953ರಲ್ಲಿ ನೋವಿನ ನಿರ್ವಹಣೆಯನ್ನೇ ವಿಷಯವಾಗುಳ್ಳ ಬೃಹದ್ಗ್ರಂಥವನ್ನು ಪ್ರಕಟಿಸಿ, ಅಳಿಯದೆ ಉಳಿಯುವ ನೋವು ಪ್ರತ್ಯೇಕ ಶುಶ್ರೂಷೆಗೆ ಅರ್ಹವೆಂದು ವಾದಿಸಿದನು. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿದ್ವಾಂಸರು, ಗಾಯದಿಂದ ಹೊರಟ ಸಂವೇದನೆ ಬೆನ್ನುಹುರಿಯಲ್ಲಿ ಒಂದು ದ್ವಾರವನ್ನು ಹಾಯ್ದೇ ಮಿದುಳನ್ನು ಸೇರುವುದೆಂದೂ, ಮನಸ್ಸಿನ ಸ್ಥಿತಿಯು ಆ ದ್ವಾರವನ್ನು ತೆರೆಯಲೂ ಮುಚ್ಚಲೂ ಬಲ್ಲುದೆಂದೂ ಪ್ರತಿಪಾದಿಸಿದರು. 1979ರಲ್ಲಿ ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘವು ನೋವನ್ನು ಇಂದ್ರಿಯದ ಅನುಭವವೂ ಭಾವದ ಅನುಭವವೂ ಆಗಿ ನಿರೂಪಿಸಿತು. ಮೂರು ತಿಂಗಳು ಮೀರಿದ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಸ್ವತಂತ್ರ ಸ್ಥಾನ ದೊರೆತದ್ದಾದರೋ ತೀರ ಈಚೆಗೆ. ಆ ಹನ್ನೊಂದನೆಯ ಪರಿಷ್ಕರಣವು ಜಾರಿಗೆ ಬಂದದ್ದು 2022ರಲ್ಲಿ.

ಆದರೆ ನೋಯುವವನ ಸಂಸಾರವನ್ನು ಶಾಸ್ತ್ರದೊಳಕ್ಕೆ ಕರೆತಂದ ಕೀರ್ತಿ ಬಹುಮಟ್ಟಿಗೆ ಲಂಡನ್ನಿನ ಸಿಸಿಲಿ ಸಾಂಡರ್ಸ್ ಎಂಬ ಮಹಾತಾಯಿಗೆ ಸಲ್ಲತಕ್ಕದ್ದು. ದಾದಿಯಾಗಿ, ಆಸ್ಪತ್ರೆಯ ಸಮಾಜಸೇವಕಿಯಾಗಿ, ಕಡೆಗೆ ವೈದ್ಯೆಯಾಗಿ ರೋಗಿಗಳ ಮಗ್ಗುಲಲ್ಲಿ ಕುಳಿತು ಅವರ ಮಾತನ್ನು ಆಲಿಸಿದ ಆಕೆ, ದೇಹದ ಬೇನೆಯೊಡನೆ ಮನಸ್ಸಿನ ಕಳವಳ, ಮನೆಯ ಚಿಂತೆ, ಬಾಳಿನ ಅರ್ಥವನ್ನು ಕುರಿತ ಸಂಕಟ ಇವೆಲ್ಲವೂ ಹೆಣೆದುಕೊಂಡಿರುವುದನ್ನು ಕಂಡು ಅದನ್ನು ಸಮಗ್ರ ನೋವೆಂದು ಕರೆದಳು. 1967ರಲ್ಲಿ ಅಂತ್ಯಕಾಲದ ರೋಗಿಗಳಿಗಾಗಿ ಸೇಂಟ್ ಕ್ರಿಸ್ಟೋಫರ್ ಆಶ್ರಯಧಾಮವನ್ನು ತೆರೆದಳು.

ಹೊರೆಯೆಂಬ ವಿಚಾರವು ಇದೇ ಕಾಲದಲ್ಲಿ ಬೇರೊಂದು ಬಾಗಿಲಿನಿಂದ ಶಾಸ್ತ್ರವನ್ನು ಪ್ರವೇಶಿಸಿತು. ಮೊದಲು ಅಳೆದದ್ದು ಆರೈಕೆ ಮಾಡುವವರ ಹೊರೆಯನ್ನು. ಮರೆವಿನ ರೋಗಕ್ಕೆ ತುತ್ತಾದ ವೃದ್ಧರ ಬಂಧುಗಳನ್ನು ವಿಚಾರಿಸಲು ಜ಼ಾರಿಟ್ ಮತ್ತು ಸಂಗಡಿಗರು 1980ರಲ್ಲಿ ರಚಿಸಿದ ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಮಲಗಿದವನು ತನ್ನನ್ನು ಹೊರೆಯೆಂದು ಬಗೆಯುವನೇ ಎಂದು ಅವನನ್ನೇ ಕೇಳುವ ಮಾಪನವು ಕೆನಡಾದಲ್ಲಿ ಸಿದ್ಧವಾದದ್ದು 2003ರಲ್ಲಿ. ಎಂದರೆ ನೋಡಿಕೊಳ್ಳುವವರನ್ನು ವಿಚಾರಿಸಿದ ಎರಡು ದಶಕಗಳ ತರುವಾಯ. ಆ ಬಳಿಕ ಮ್ಯಾಕ್‌ಫರ್ಸನ್, ವಿಲ್ಸನ್ ಮೊದಲಾದವರು ಅಂತ್ಯಕಾಲದ ರೋಗಿಗಳೊಡನೆ ಸಂಭಾಷಿಸಿ, ಈ ವ್ಯಥೆಯಲ್ಲಿ ಎರಡು ಎಳೆಗಳನ್ನು ಗುರುತಿಸಿದರು: ತನ್ನವರು ಬಳಲುತ್ತಿರುವರಲ್ಲಾ ಎಂಬ ಕಳಕಳಿ ಒಂದು, ತಾನು ಕುಗ್ಗಿಹೋದೆನಲ್ಲಾ ಎಂಬ ಅವಮಾನ ಮತ್ತೊಂದು. 2012ರಲ್ಲಿ ಕೋವಲ್ ಮತ್ತು ಸಂಗಡಿಗರು ಇದೇ ಪ್ರಶ್ನೆಯನ್ನು ದೀರ್ಘಕಾಲದ ನೋವಿನ ಚಿಕಿತ್ಸೆಗೆಂದು ಬಂದವರ ಮುಂದಿಟ್ಟಾಗ, ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿ ಗಣನೀಯ ಪ್ರಮಾಣದಲ್ಲಿ ತಾವು ಹೊರೆಯೆಂದೇ ಭಾವಿಸಿದ್ದುದು ಕಂಡುಬಂದಿತು. ಇದನ್ನು ಲಘುವಾಗಿ ಎಣಿಸುವಂತಿಲ್ಲ. ಏಕೆಂದರೆ ಆತ್ಮಹತ್ಯೆಯನ್ನು ಅಭ್ಯಸಿಸಿದ ಥಾಮಸ್ ಜಾಯ್ನರ್ 2005ರಲ್ಲಿಯೇ, ತಾನಿಲ್ಲದಿದ್ದರೆ ಮನೆಯವರಿಗೆ ಒಳಿತೆಂಬ ತಪ್ಪೆಣಿಕೆಯು ಸಾವನ್ನು ಬಯಸುವ ಮನಸ್ಸಿನ ಮೂಲಗಳಲ್ಲೊಂದೆಂದು ಎಚ್ಚರಿಸಿದ್ದನು.

ಭಾರತದಲ್ಲಿ ಈ ಚರಿತ್ರೆ ಇನ್ನಷ್ಟು ಕಠಿನವಾದುದು. 1985ರ ಮಾದಕವಸ್ತು ಶಾಸನದ ಕಟ್ಟಳೆಗಳಿಗೆ ಅಂಜಿ ಅನೇಕ ಆಸ್ಪತ್ರೆಗಳು ಅಫೀಮಿನಿಂದ ತಯಾರಾಗುವ ನೋವುನಿವಾರಕವಾದ ಮಾರ್ಫಿನ್ನನ್ನು ಇಡುವುದನ್ನೇ ಬಿಟ್ಟವು. ಔಷಧಕ್ಕೆಂದು ಅಫೀಮನ್ನು ಬೆಳೆದು ಪರದೇಶಗಳಿಗೆ ಕಳುಹಿಸುವ ನಾಡಿನಲ್ಲಿಯೇ ಕ್ಯಾನ್ಸರಿನ ರೋಗಿಗಳು ನರಳುತ್ತಾ ಪ್ರಾಣಬಿಟ್ಟರು. 2014ರ ತಿದ್ದುಪಡಿಯು ಈ ಗಂಟನ್ನು ಸಡಿಲಿಸಿತು. ಅಷ್ಟರೊಳಗೆ, ಹೆಗ್ಗಡದೇವನಕೋಟೆಯ ಗಡಿಯನ್ನು ದಾಟಿ ವಯನಾಡಿನ ಘಟ್ಟವನ್ನು ಇಳಿದರೆ ಸಿಕ್ಕುವ ಕಲ್ಲಿಕೋಟೆಯಲ್ಲಿ, 1993ರಲ್ಲಿ, ಎಂ. ಆರ್. ರಾಜಗೋಪಾಲ್, ಸುರೇಶ್ ಕುಮಾರ್ ಮೊದಲಾದ ವೈದ್ಯರು ನೋವು ಮತ್ತು ಉಪಶಾಮಕ ಆರೈಕೆಯ ಸಂಘವೊಂದನ್ನು ಕಟ್ಟಿದ್ದರು. ನೆರೆಹೊರೆಯವರೇ ತರಬೇತಿ ಪಡೆದು ರೋಗಿಯ ಮನೆಗೆ ಹೋಗಿ ಬರುವ ಪದ್ಧತಿ ಅಲ್ಲಿಂದ ಹಬ್ಬಿತು. 2008ರಲ್ಲಿ ಕೇರಳ ಸರ್ಕಾರ ಅದನ್ನು ತನ್ನ ನೀತಿಯಾಗಿ ಅಂಗೀಕರಿಸಿತು. ನನ್ನ ಅಭಿಪ್ರಾಯದಲ್ಲಿ ಹೊರೆಯ ವ್ಯಥೆಗೆ ಜಗತ್ತು ಕಂಡುಕೊಂಡ ಉತ್ತರಗಳಲ್ಲಿ ಇದರಷ್ಟು ಸಮರ್ಪಕವಾದುದು ಮತ್ತೊಂದಿಲ್ಲ. ಊರು ಕೈಜೋಡಿಸಿದ ಆರೈಕೆಯಲ್ಲಿ ಒಬ್ಬ ಸೊಸೆಯ ಹೆಗಲ ಮೇಲಷ್ಟೇ ತಾನು ಬಿದ್ದಿರುವೆನೆಂಬ ಸಂಕೋಚ ರೋಗಿಗೆ ತಗ್ಗುತ್ತದೆ. ಕರ್ನಾಟಕದಲ್ಲಿ ಬೆಂಗಳೂರಿನ ಕರುಣಾಶ್ರಯವೂ, ನಮ್ಮ ಮೈಸೂರು ಜಿಲ್ಲೆಯಲ್ಲಿ 1984ರಲ್ಲಿ ಸ್ಥಾಪಿತವಾಗಿ ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯೂ ಮನೆಬಾಗಿಲಿನ ಆರೈಕೆಯನ್ನು ಕೈಗೊಂಡಿವೆ. ಆದರೆ ಈ ಏರ್ಪಾಡು ಪ್ರಧಾನವಾಗಿ ಕ್ಯಾನ್ಸರಿನ ಸುತ್ತಲೇ ಬೆಳೆದುದರಿಂದ, ಮೂವತ್ತು ವರ್ಷ ಬಾಳಬೇಕಾದ ಬೆನ್ನುನೋವಿನವನು ಅದರ ಹೊರಗೆ ಉಳಿಯುತ್ತಾನೆ.

ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ಈ ವ್ಯಥೆ ಎಳೆಯ ವಯಸ್ಸಿನಲ್ಲೇ ಮೊದಲಾಗುತ್ತದೆ. ಇದಕ್ಕೊಂದು ಕಾರಣವಾದ, ಕುಡಗೋಲಿನಾಕಾರದ ರಕ್ತಕಣಗಳ ಆನುವಂಶಿಕ ರೋಗವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 1952ರಲ್ಲಿ, ನೆರೆಯ ನೀಲಗಿರಿಯ ಗಿರಿಜನರಲ್ಲಿ. ನಮ್ಮ ಸೀಮೆಯ ಆದಿವಾಸಿಗಳನ್ನೂ ಕಾಡುವ ಈ 'ಸಿಕಲ್ ಸೆಲ್' ರೋಗದಲ್ಲಿ ಬಾಗಿದ ಕಣಗಳು ಸಣ್ಣ ರಕ್ತನಾಳಗಳನ್ನು ಕಟ್ಟಿ, ಮೂಳೆ ಕೀಲುಗಳಲ್ಲಿ ಅಸಹನೀಯವಾದ ನೋವು ಆಗಾಗ ಎದ್ದು ಅಡಗುತ್ತದೆ. ನೋವಿಲ್ಲದ ದಿನ ರೋಗಿಯು ಎಲ್ಲರಂತೆ ಕಾಣುವುದರಿಂದ, ಕೊಡಗಿನ ಕಾಫಿ ತೋಟದ ಕೂಲಿಗೆ ಹೋಗದೆ ಮಲಗಿದಾಗ ಅವನನ್ನು ಮೈಗಳ್ಳನೆಂದು ಭಾವಿಸುವುದು ಸುಲಭ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಈ ರೋಗವನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. 2023ರಲ್ಲಿ ಇದರ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಅಭಿಯಾನವೂ ಪ್ರಾರಂಭವಾಯಿತು. ಅಭಿಯಾನದ ರಕ್ತಪರೀಕ್ಷೆಯಷ್ಟೇ ಮುಖ್ಯವಾದುದು, ರೋಗ ಗೊತ್ತಾದ ಹುಡುಗನ ನೋವನ್ನು ಊರು ನಂಬುವುದು.

ಇಷ್ಟನ್ನೂ ಪರ್ಯಾಲೋಚಿಸಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಪಾಶ್ಚಾತ್ಯ ಅಧ್ಯಯನಗಳು ಹೊರೆಯನ್ನು ಹೆಚ್ಚಾಗಿ ಮನಸ್ಸಿನ ಭಾವವಾಗಿ ಪರಿಶೀಲಿಸಿವೆ. ನಮ್ಮಲ್ಲಾದರೋ ಅದು ಹಣದ ಲೆಕ್ಕವೂ ಹೌದು. ಪಿರಿಯಾಪಟ್ಟಣದಿಂದ ಸುಮಾರು 65 ಕಿಲೋಮೀಟರ್ ದೂರದ ಮೈಸೂರಿನ ದೊಡ್ಡಾಸ್ಪತ್ರೆಗೆ ಅಮ್ಮನನ್ನು ಕರೆದೊಯ್ಯುವ ಮಗನಿಗೆ ಅಂದಿನ ಕೂಲಿ ತಪ್ಪುತ್ತದೆ, ಬಸ್ಸಿನ ಖರ್ಚು ಬೀಳುತ್ತದೆ, ಎಲೆ ಬಿಡಿಸುವ ಸುಗ್ಗಿಯಾದರೆ ಬೆಳೆಯೂ ಕೆಡುತ್ತದೆ. ಆ ತಾಯಿ ಈ ಲೆಕ್ಕವನ್ನೆಲ್ಲ ಬಲ್ಲವಳು. ನೀನು ನಮಗೆ ಭಾರವಲ್ಲವಮ್ಮಾ ಎಂಬ ಪ್ರೀತಿಯ ಮಾತು ಬೇಕೇ ಬೇಕು. ಆದರೆ ಲೆಕ್ಕ ಬದಲಾಗದೆ ಅವಳು ಅದನ್ನು ನಂಬುವುದು ಕಷ್ಟ. ಸುಮ್ಮನೆ ನೋವನ್ನು ನುಂಗಿಕೊಂಡು, ಗುಳಿಗೆ ಮುಗಿದದ್ದನ್ನು ಹೇಳದೆ ಕುಳಿತುಬಿಡುತ್ತಾಳೆ.

ಆದಕಾರಣ ತಾಲ್ಲೂಕು ಆಸ್ಪತ್ರೆಯಲ್ಲಿಯೇ ವಾರಕ್ಕೊಂದು ದಿನ ನೋವಿನ ಚಿಕಿತ್ಸೆಯೂ ಅಂಗಸಾಧನೆಯ ಶಿಕ್ಷಣವೂ ದೊರೆಯುವಂತಾಗಬೇಕು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಿಗೆ ಈ ಕೆಲಸಕ್ಕೆ ತರಬೇತಿಯನ್ನೂ ತಕ್ಕ ಸಂಭಾವನೆಯನ್ನೂ ಕೊಡಬೇಕು. ನೋವು ಎಷ್ಟಿದೆಯೆಂದು ಕೇಳುವ ವೈದ್ಯರು, ಮನೆಯವರಿಗೆ ಭಾರವಾದೆನೆಂದು ಅನ್ನಿಸುತ್ತಿದೆಯೇ ಎಂಬ ಇನ್ನೊಂದು ಪ್ರಶ್ನೆಯನ್ನೂ ಕೇಳುವ ಕೃಪೆ ಮಾಡಬೇಕು. ನೋವಿನಿಂದ ಬೇಸತ್ತು ಸಾವಿನ ಯೋಚನೆ ಬಂದವರು, ಅವರ ಬಂಧುಗಳು, ಸರ್ಕಾರದ ಟೆಲಿ ಮಾನಸ್ ಸೇವೆಗೆ 14416ರಲ್ಲಿ ಹಗಲಿರುಳು ಯಾವಾಗ ಬೇಕಾದರೂ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.