ಹಾಜರಿ ಪುಸ್ತಕದ ನಾಲ್ವರು ತಿಪ್ಪೇಸ್ವಾಮಿಗಳು

ಚಳ್ಳಕೆರೆ ಸೀಮೆಯ ನಮ್ಮ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕೂಗುವಾಗ ‘ತಿಪ್ಪೇಸ್ವಾಮಿ’ ನಾಲ್ಕು ಸಲ ಬರುತ್ತಿತ್ತು. ಒಬ್ಬ ದೊಡ್ಡ ತಿಪ್ಪೇಸ್ವಾಮಿ, ಇನ್ನೊಬ್ಬ ಸಣ್ಣ ತಿಪ್ಪೇಸ್ವಾಮಿ, ಮೂರನೆಯವನಿಗೆ ಇನಿಷಿಯಲ್ಲೇ ಗುರುತು, ನಾಲ್ಕನೆಯವನು ಬರೀ ತಿಪ್ಪ. ಹೆಸರಿನಿಂದ ಯಾರಿಗೂ ಮುಜುಗರವಿರಲಿಲ್ಲ. ಇಡೀ ಬೆಂಚೇ ತಿಪ್ಪೇಸ್ವಾಮಿಗಳದ್ದಾದರೆ ನಗುವವರು ಯಾರು?

ಈಚೆಗೆ ಹೊರದೇಶದಲ್ಲಿರುವ ಸ್ನೇಹಿತರೊಬ್ಬರು ಫೋನ್ ಮಾಡಿ, ಹುಟ್ಟಲಿರುವ ಮಗುವಿಗೆ ಒಂದು ಹೆಸರು ಹೇಳಿ ಎಂದರು. ಯಾರೂ ಇಟ್ಟಿರಬಾರದು, ಎರಡೇ ಅಕ್ಷರ ಇರಬೇಕು, ಅಲ್ಲಿನವರ ನಾಲಿಗೆಗೂ ಹೊರಳಬೇಕು, ನಮ್ಮ ಕಡೆಯದೂ ಆಗಿರಬೇಕು. ‘ತಿಪ್ಪ’ ಎಂದೆ. ಎಲ್ಲ ಷರತ್ತೂ ಪೂರೈಸಿತ್ತು. ಅವರು ನಕ್ಕು ಮಾತು ಬದಲಿಸಿದರು.

ತಿಪ್ಪೆ ಅಂದರೆ ಮನೆಯ ಹಿಂದಿನ ಕಸ, ಸಗಣಿ, ಗಂಜಲ, ಬೂದಿ ಬೀಳುವ ಗುಡ್ಡೆ. ಆ ಮಾತನ್ನು ಕೂಸಿನ ಹೆಸರಾಗಿಸಿದ್ದು ತಾತ್ಸಾರದಿಂದಲ್ಲ, ಭಯದಿಂದ. ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ಕೈಬಿಟ್ಟು ಹೋದ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟಿದರೆ ಅದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು ಬರುತ್ತಿದ್ದರು. ಮೊದಲೇ ಮಾತಾಡಿಕೊಂಡಿದ್ದ ನೆರೆಮನೆಯಾಕೆ, ಏನೂ ಗೊತ್ತಿಲ್ಲದವಳ ಹಾಗೆ ಹೋಗಿ, ‘ಯಾರೋ ಬಿಸಾಕಿದ ಕೂಸು’ ಎಂದು ಎತ್ತಿಕೊಳ್ಳುವಳು. ಹೆತ್ತವಳು ಒಂದು ಹಿಡಿ ತವುಡೋ ಒಂದೆರಡು ಕಾಸೋ ಕೊಟ್ಟು ಅವಳಿಂದ ತನ್ನ ಕೂಸನ್ನು ತಾನೇ ಕೊಂಡುಕೊಳ್ಳುವಳು. ಇದು ಬೆಲೆಯಿಲ್ಲದ ಕೂಸು, ಕಸದಲ್ಲಿ ಸಿಕ್ಕಿದ್ದು ಎಂದು ಸಾವಿಗೆ ನಂಬಿಸುವ ಆಟ. ಕೂಸು ಉಳಿದರೆ ತಿಪ್ಪಯ್ಯ, ತಿಪ್ಪಣ್ಣ, ಹೆಣ್ಣಾದರೆ ತಿಪ್ಪಮ್ಮ. ಗುಂಡಪ್ಪ, ಕಲ್ಲಪ್ಪ ಎಂಬವೂ ಎಷ್ಟೋ ಮನೆಗಳಲ್ಲಿ ಇದೇ ಹಟದವು, ಕಲ್ಲಿನ ಹಾಗೆ ಗಟ್ಟಿಯಾಗಿ ಕೂರಲಿ ಎಂದು.

ಇದು ನಮ್ಮ ಸೀಮೆಯೊಂದರ ಬುದ್ಧಿಯಲ್ಲ. ಗಡಿ ದಾಟಿದರೆ ತೆಲುಗಿನಲ್ಲಿ ಪೆಂಟಯ್ಯ ಇದ್ದಾನೆ, ಪೆಂಟ ಎಂದರೂ ತಿಪ್ಪೆಯೇ. ತಮಿಳಿನ ಕುಪ್ಪುಸ್ವಾಮಿಯೊಳಗೆ ಕುಪ್ಪೆ ಇದೆ, ಪಿಚ್ಚೆಯಲ್ಲಿ ಭಿಕ್ಷೆ ಇದೆ. ಚೀನಾದ ಹಳ್ಳಿಗಳಲ್ಲಿ ‘ನಾಯಿ ತಿಂದು ಬಿಟ್ಟದ್ದು’ ಎಂಬ ಅರ್ಥದ ಹೆಸರನ್ನು ಮುದ್ದಿನ ಮಗನಿಗೇ ಇಡುತ್ತಿದ್ದರು. ದಾಕು ಹಾಕಿಸುವ ಕಾಲಕ್ಕೆ ಮುಂಚೆ ತಾಯಂದಿರ ಕೈಲಿದ್ದ ಮದ್ದು ಇಷ್ಟೇ.

ಆದರೆ ನಮ್ಮಲ್ಲಿ ಈ ಹೆಸರಿಗೆ ಇನ್ನೊಂದು ಬೇರು ಸೇರಿಕೊಂಡಿತು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ಗದ್ದುಗೆಯಿದೆ. ಕೆರೆ ಕಟ್ಟಿಸಿದ, ‘ಮಾಡಿದಷ್ಟು ನೀಡು ಭಿಕ್ಷೆ’ ಎಂದ ಕಾಯಕಯೋಗಿ. ಕೊಟ್ಟೂರಿನ ಕೊಟ್ಟೂರೇಶ್ವರನ ಜೊತೆಗೆ ಪಂಚಗಣಾಧೀಶ್ವರರೆನ್ನುವ ಐವರಲ್ಲಿ ಒಬ್ಬ. ಫಾಲ್ಗುಣದ ತೇರಿಗೆ ಬಂದವರು ಒಣಕೊಬ್ಬರಿ ಸುಡುತ್ತಾರೆ, ಅದರ ಹೊಗೆ ಬಟ್ಟೆಗೆ ಹತ್ತಿದರೆ ಎರಡು ದಿನ ಹೋಗುವುದಿಲ್ಲ. ಅವನಿಗೆ ಹರಕೆ ಹೊತ್ತು ಹುಟ್ಟಿದವರೆಲ್ಲ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ಈಗೀಗ ತಿಪ್ಪೇಶ್. ತಿಪ್ಪೆಯ ಮೇಲೆ ಸ್ವಾಮಿ ಬಂದು ಕೂತ ಮೇಲೆ ಅರ್ಥ ಕೇಳುವ ಅಗತ್ಯವೇ ಬೀಳಲಿಲ್ಲ.

ಮೊಳಕಾಲ್ಮೂರು ಎಂದರೆ ನಿಮಗೆ ರೇಷ್ಮೆ ಸೀರೆ ನೆನಪಾಗಬಹುದು. ಆ ಊರಿನ ಪಕ್ಕದಲ್ಲೇ ನುಂಕೆ ಬೆಟ್ಟವಿದೆ, ಮೇಲೆ ನುಂಕೆ ಭೈರವ. ಅವನಿಂದ ನುಂಕಪ್ಪ, ನುಂಕಮ್ಮ, ನುಂಕೇಶ. ಕರ್ನಾಟಕದ ಯಾವ ಮೂಲೆಯಲ್ಲಿ ನುಂಕಪ್ಪ ಎಂಬವರು ಸಿಕ್ಕಿದರೂ ‘ಮೊಳಕಾಲ್ಮೂರು ಕಡೆಯವರಾ?’ ಎಂದು ಧೈರ್ಯವಾಗಿ ಕೇಳಬಹುದು. ಹೆಸರೇ ವಿಳಾಸ. ಯಾರೂ ಇಟ್ಟಿರದ ಹೆಸರು ಬೇಕೆನ್ನುವವರು ಇದಕ್ಕಿಂತ ಇನ್ನೇನು ಹುಡುಕಿಯಾರು?

ಕಾಡುಗೊಲ್ಲರ ಹಟ್ಟಿಗಳಿಗೆ ಹೋದರೆ ಕ್ಯಾತಪ್ಪ, ಕ್ಯಾತಮ್ಮ, ಎತ್ತಪ್ಪ, ಜುಂಜಪ್ಪ, ಚಿತ್ತಯ್ಯ ಸಿಗುತ್ತಾರೆ. ಈ ಹೆಸರುಗಳ ಮೂಲದವರು ದನ ಕುರಿ ಕಾಯ್ದು, ಹೋರಾಡಿ, ಸತ್ತ ಮೇಲೆ ದೇವರಾದ ಹಿರಿಯರು. ಜುಂಜಪ್ಪನ ಕಥೆಯನ್ನು ಗಣೆ ಎಂಬ ಕೊಳಲು ಊದುತ್ತ ಇವತ್ತಿಗೂ ಹಾಡುತ್ತಾರೆ. ಜುಂಜು ಎಂದರೆ ಕೆದರಿ ಸಿಕ್ಕುಗಟ್ಟಿದ ಕೂದಲು. ಕ್ಯಾತೇದೇವರ ಜಾತ್ರೆಯನ್ನು ಚಳ್ಳಕೆರೆ ತಾಲ್ಲೂಕಿನಲ್ಲಿ ನೋಡಬೇಕು. ಕಲ್ಲು ಗಾರೆಯ ಗುಡಿಯಲ್ಲ, ಮುಳ್ಳುಕಂಟಿ ಒಟ್ಟಿ ಎತ್ತರಕ್ಕೆ ಕಟ್ಟಿದ ಗುಡಿ. ತುದಿಯ ಕಳಶವನ್ನು ಇಳಿಸಲು ಬರಿಗಾಲಲ್ಲಿ ಆ ಮುಳ್ಳು ಹತ್ತುತ್ತಾರೆ. ಕ್ಯಾತ ಎಂಬುದು ಹಳೆಯ ಶಾಸನಗಳ ಕೇತನೇ ಇರಬೇಕೆಂದು ನನ್ನ ಊಹೆ. ನಮ್ಮವರ ಬಾಯಲ್ಲಿ ಬೇಡ ಬ್ಯಾಡವಾಗುತ್ತದೆ, ಬೇಸಿಗೆ ಬ್ಯಾಸಿಗೆಯಾಗುತ್ತದೆ, ಕೇತ ಕ್ಯಾತನಾಗದೆ ಇರುತ್ತಾನೆಯೇ? ಚಾಲುಕ್ಯ ಸೋಮೇಶ್ವರನ ರಾಣಿಯೊಬ್ಬಳು ಕೇತಲದೇವಿ. ರಾಣಿಯ ಹೆಸರೆಂದರೆ ಹೊಂದುವ ಮಾತು ಹಟ್ಟಿಯ ಕ್ಯಾತಮ್ಮನಿಗೆ ಬಂದ ಕೂಡಲೇ ಹಳ್ಳಿಗುಗ್ಗು ಅನ್ನಿಸುವುದು ಕಿವಿಯ ದೋಷ, ಹೆಸರಿನದಲ್ಲ.

ಮ್ಯಾಸನಾಯಕರಲ್ಲಿ ಪಾಪಯ್ಯ, ಪಾಪಮ್ಮ, ಪಾಲಯ್ಯ ಎಂಬ ಹೆಸರುಗಳು ಹೆಚ್ಚು. ಜಗಳೂರು ಪಾಪನಾಯಕ, ಗಾದ್ರಿ ಪಾಲನಾಯಕ ಅವರ ಕುಲದ ವೀರರು, ಪಶುಪಾಲಕರು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಜನ ಇವರು. ಪಾಪ ಎಂದರೆ ಇಲ್ಲಿ ಪಾಪಪುಣ್ಯದ ಪಾಪವಲ್ಲ, ಎಳೆಯ ಪಾಪು. ಇನ್ನು ಓಬಯ್ಯ, ಓಬಳೇಶ, ಓಬಕ್ಕ ಎಂಬವರ ಮೂಲ ಆಂಧ್ರದ ಅಹೋಬಲದ ನರಸಿಂಹ. ಒನಕೆ ಓಬವ್ವನ ಹೆಸರಲ್ಲೂ ಅವನೇ ಇದ್ದಾನೆ. ಹೊನ್ನೂರಸ್ವಾಮಿ, ಪೀರಣ್ಣ, ಫಕೀರಪ್ಪ ಎಂಬ ಹೆಸರುಗಳ ಹಿಂದೂಗಳೂ ಈ ಕಡೆ ಬೇಕಾದಷ್ಟಿದ್ದಾರೆ. ದರ್ಗಾಕ್ಕೋ ಪೀರಲ ದೇವರಿಗೋ ಹೊತ್ತ ಹರಕೆಯ ಮಕ್ಕಳು ಅವರು. ಹೆಸರು ನೋಡಿ ಜಾತಿಮತ ಹೇಳಿಬಿಡುತ್ತೇವೆ ಎನ್ನುವವರನ್ನು ಇಲ್ಲಿಗೆ ಕಳಿಸಬೇಕು.

ಕೊನೆಗೆ ಹತ್ತುವ ಅಪ್ಪ, ಅಯ್ಯ, ಅಣ್ಣ, ಅಕ್ಕ, ಅಮ್ಮಗಳ ಸಂಗತಿಯೂ ಸಣ್ಣದಲ್ಲ. 1885ರಲ್ಲಿ ಹುಟ್ಟಿದ ತಳುಕಿನ ಸುಬ್ಬಣ್ಣ ವೆಂಕಣ್ಣಯ್ಯನವರ ಹೆಸರನ್ನೇ ನೋಡಿ. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಅರ್ಪಿಸಿದ್ದು ಇದೇ ಚಳ್ಳಕೆರೆ ತಾಲ್ಲೂಕಿನ ವೆಂಕಣ್ಣಯ್ಯನವರಿಗೆ. ಆ ಒಂದು ಹೆಸರಿನಲ್ಲಿ ದೇವರೂ ಇದ್ದಾನೆ, ಅಣ್ಣನೂ ಇದ್ದಾನೆ, ಅಯ್ಯನೂ ಇದ್ದಾನೆ. ತೊಟ್ಟಿಲಲ್ಲಿದ್ದಾಗಲೇ ಮಗು ಹಿರಿಯನಾಗಿಬಿಡುತ್ತದೆ. ಅದಕ್ಕೂ ಕಾರಣವಿದೆ, ಬಹುಪಾಲು ಆ ಹೆಸರು ತೀರಿಹೋದ ತಾತನದೇ ಆಗಿರುತ್ತದೆ. ಮಾವನ ಹೆಸರು ಬಾಯಿಬಿಟ್ಟು ಹೇಳಬಾರದು ಎಂದುಕೊಂಡ ಸೊಸೆ ತನ್ನ ಮಗನನ್ನೇ ‘ಬಾರೋ ಮಾವ, ಉಣ್ಣು ಬಾ’ ಎಂದು ಕರೆಯುವುದನ್ನು ನಾನು ಕೇಳಿದ್ದೇನೆ. ಮೂಗು ಸೋರುವ ಮಾವ ಓಡಿ ಬರುತ್ತಿದ್ದ.

ಈ ಸೀಮೆಯಲ್ಲಿ ಬರವಣಿಗೆಯಲ್ಲಿ ಉಳಿದ ಅತಿ ಹಳೆಯ ಹೆಸರುಗಳಲ್ಲಿ ಒಂದು ಮಾತ್ರ ಇದ್ಯಾವುದರ ಜಾತಿಗೂ ಸೇರಿದ್ದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಕ್ರಿಸ್ತಪೂರ್ವ 3ನೆಯ ಶತಮಾನದವು. ಅವುಗಳಲ್ಲಿ ‘ಅಶೋಕ’ ಎಂಬ ಹೆಸರಿಲ್ಲ, ಬರೀ ‘ದೇವಾನಾಂಪ್ರಿಯ’. ಆದರೆ ಬರೆದವನು ತನ್ನ ಹೆಸರು ಬಿಟ್ಟಿಲ್ಲ: ಚಪಡ. ಬ್ರಾಹ್ಮಿಯಲ್ಲಿ ಎಲ್ಲ ಬರೆದು, ಲಿಪಿಕಾರ ಎಂಬ ತನ್ನ ಕಸುಬನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಆ ಲಿಪಿ ಗಾಂಧಾರದ ಕಡೆಯದು. ಕೆಲಸಕ್ಕೆಂದು ಸಾವಿರಕ್ಕೂ ಹೆಚ್ಚು ಮೈಲಿ ಬಂದವನಿರಬೇಕು, ಪರವೂರಿನ ಬಂಡೆಯ ಮೇಲೆ ತನ್ನೂರಿನ ಅಕ್ಷರದಲ್ಲಿ ಒಂದು ಮಾತು ಬರೆದು ಹೋದ. ಹೊರದೇಶದಲ್ಲಿ ಕೂತು ಇದನ್ನು ಕನ್ನಡದಲ್ಲಿ ಓದುತ್ತಿರುವ ನಿಮಗೆ ಅವನ ಮನಸ್ಸು ನನಗಿಂತ ಚೆನ್ನಾಗಿ ತಿಳಿದೀತು.

ಈ ಹೆಸರುಗಳು ಅಪರೂಪವಾದದ್ದು ಹಳತಾದವೆಂದಲ್ಲ, ನಾಚಿಕೆಯಿಂದ. ಹಾಸ್ಟೆಲಿನಲ್ಲಿ ತಿಪ್ಪೇಸ್ವಾಮಿ ‘ಸ್ವಾಮಿ’ಯಾದ, ಪಟ್ಟಣದಲ್ಲಿ ಕ್ಯಾತಮ್ಮ ‘ಗೀತಾ’ ಆದಳು. ಪಾಸ್‌ಪೋರ್ಟಿನವರು ಸರ್‌ನೇಮ್ ಕೇಳಿದಾಗ ಅಪ್ಪನ ಹೆಸರು ಹೋಗಿ ಮಗನ ಹೆಸರಿನ ಹಿಂದೆ ನಿಂತಿತು, ಈಗ ಹೊರದೇಶದ ಆಫೀಸಿನಲ್ಲಿ ಮಗನನ್ನು ಅಪ್ಪನ ಹೆಸರಿನಿಂದಲೇ ಕರೆಯುತ್ತಾರೆ. ಒಂದು ಹೆಸರು ಮಾತ್ರ ಗೆದ್ದು ಬಂದಿದೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದು ಬರಹ ಬಾರದ ಹಾಡುಗಾರ್ತಿಯಾಗಿದ್ದಳು. ಅವಳ ಬಾಯಿಂದ ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರರು ರಾಶಿ ರಾಶಿ ಹಾಡು ಬರೆದುಕೊಂಡರು. ಸಿರಿಯಣ್ಣ, ಸಿರಿಯಮ್ಮ ಈ ಹಟ್ಟಿಗಳಲ್ಲಿ ನೀರು ಕುಡಿದಷ್ಟು ಸಲೀಸಾದ ಹೆಸರುಗಳು. ಅದರ ಬಾಲ ಕತ್ತರಿಸಿ ‘ಸಿರಿ’ ಎಂದ ಕೂಡಲೇ ಬೆಂಗಳೂರಿನ ಶಾಲೆಗಳಲ್ಲಿ ಹೊಸ ಕಾಲದ ಹೆಸರಾಯಿತು. ನನ್ನ ಸ್ನೇಹಿತರಿಗೂ ಕೊನೆಗೆ ಅದನ್ನೇ ಹೇಳಿದೆ.

ಮುಂದಿನ ಸಲ ರಜೆ ಹಾಕುವವರು ಫಾಲ್ಗುಣದ ತೇರಿಗೆ ಹೊಂದಿಸಿಕೊಂಡು ಬನ್ನಿ, ಮಕ್ಕಳನ್ನೂ ಕರೆತನ್ನಿ. ನಾಯಕನಹಟ್ಟಿಯ ಆ ಜನಜಂಗುಳಿಯ ನಡುವೆ ನಿಂತು ‘ತಿಪ್ಪೇಸ್ವಾಮೀ’ ಎಂದು ಒಮ್ಮೆ ಜೋರಾಗಿ ಕೂಗಿ, ಎಷ್ಟು ತಲೆ ತಿರುಗುತ್ತವೆ ಎಣಿಸಿಕೊಳ್ಳಲು ಅವರಿಗೆ ಹೇಳಿ.