ಗೇರ್ ಹಾಕುವವರು ಯಾರು?

1989ರ ಮಾರ್ಚ್ 26ರಂದು ರಿಯೋದ ಜಕರೆಪಗ್ವಾ ಟ್ರ್ಯಾಕಿನಲ್ಲಿ ಆ ವರ್ಷದ ಮೊದಲ ಫಾರ್ಮುಲಾ ಒನ್ ರೇಸ್. ಫೆರಾರಿ ತಂಡಕ್ಕೆ ಆಗಷ್ಟೇ ಸೇರಿದ್ದ ನೈಜೆಲ್ ಮ್ಯಾನ್ಸೆಲ್ ಊರಿಗೆ ಬೇಗ ಹೊರಡುವ ವಿಮಾನಕ್ಕೆ ಟಿಕೆಟ್ ಮಾಡಿಸಿಟ್ಟಿದ್ದರು. ಗೆಲ್ಲುವ ಮಾತಿರಲಿ, ತಮ್ಮ ಕಾರು ಕೊನೆಯವರೆಗೆ ಓಡೀತು ಎಂಬ ನಂಬಿಕೆಯೇ ಅವರಿಗಿರಲಿಲ್ಲ. ಅಭ್ಯಾಸದ ಓಟಗಳಲ್ಲಿ ಅದು ಮತ್ತೆ ಮತ್ತೆ ಕೆಟ್ಟು ನಿಂತಿತ್ತು. ಆ ಕಾರಿನಲ್ಲಿ ಗೇರ್ ಲಿವರ್ ಇರಲಿಲ್ಲ. ಸ್ಟೀರಿಂಗಿನ ಹಿಂದೆ ಎರಡು ಪುಟ್ಟ ಪಟ್ಟಿಗಳಿದ್ದವು: ಬಲಗಡೆಯದನ್ನು ಎಳೆದರೆ ಮೇಲಿನ ಗೇರು, ಎಡಗಡೆಯದನ್ನು ಎಳೆದರೆ ಕೆಳಗಿನದು.

ಇದನ್ನು ರೂಪಿಸಿದ ಇಂಗ್ಲಿಷ್ ಎಂಜಿನಿಯರ್ ಜಾನ್ ಬರ್ನಾರ್ಡ್ ಅವರಿಗೆ ಮೊದಲು ಬೇಕಾಗಿದ್ದದ್ದು ಜಾಗ. ಚಾಲಕನ ಪಕ್ಕದ ಲಿವರು, ಅಲ್ಲಿಂದ ಹಿಂದಿನ ಗೇರ್‌ಬಾಕ್ಸಿನವರೆಗೆ ಹಾಯುವ ಸಲಾಕೆ, ಎರಡೂ ಇಲ್ಲವಾದರೆ ಕಾರಿನ ಮೈಯನ್ನು ಇನ್ನಷ್ಟು ಕಿರಿದು ಮಾಡಬಹುದು. ಸ್ಟೀರಿಂಗಿನಿಂದ ಕೈ ತೆಗೆಯಬೇಕಾಗಿಲ್ಲ ಎಂಬುದು ಅದರೊಂದಿಗೇ ಬಂದ ಲಾಭ.

ಗೇರ್‌ಬಾಕ್ಸ್ ಮಾತ್ರ ಮ್ಯಾನುವಲ್ಲೇ. ಅದರೊಳಗೆ ಗೇರುಗಳ ಹಲ್ಲುಗಳು ಸದಾ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಲಿವರ್ ಎಳೆದಾಗ ಕವೆಯಂಥ ಒಂದು ಫೋರ್ಕ್ ಬಳೆಯೊಂದನ್ನು ಪಕ್ಕಕ್ಕೆ ಸರಿಸುತ್ತದೆ; ಆ ಬಳೆ ಬೇಕಾದ ಗೇರನ್ನು ಶಾಫ್ಟಿಗೆ ಬಿಗಿಯುತ್ತದೆ. ಅಷ್ಟು ಹೊತ್ತು ಕ್ಲಚ್ಚು ಎಂಜಿನ್ನಿನ ಬಲವನ್ನು ದೂರ ಇಟ್ಟಿರಬೇಕು. ಫೆರಾರಿಯ ಪಟ್ಟಿಗಳಾದರೋ ಬರೀ ಸ್ವಿಚ್ಚುಗಳು. ಅವುಗಳ ಕೋರಿಕೆ ಒಂದು ಕಂಪ್ಯೂಟರಿಗೆ ಹೋಗುತ್ತದೆ. ಅದು ವಿದ್ಯುತ್ತಿನ ವಾಲ್ವುಗಳನ್ನು ತೆರೆಯುತ್ತದೆ. ಒತ್ತಡದಲ್ಲಿರುವ ಎಣ್ಣೆ ನುಗ್ಗಿ ಫೋರ್ಕನ್ನು ತಳ್ಳುತ್ತದೆ. ಚಾಲಕ ಕ್ಲಚ್ ಪೆಡಲ್ ತುಳಿಯಬೇಕಾದದ್ದು ಹೊರಡುವಾಗ ಮಾತ್ರ.

ಎಣ್ಣೆಯ ಒತ್ತಡದಿಂದ ಗೇರ್ ಬದಲಿಸುವುದು ಹೊಸತೇನಲ್ಲ. 1955ರ ಸಿಟ್ರೊಯೆನ್ ಡಿಎಸ್ ಕಾರಿನಲ್ಲೇ ಕ್ಲಚ್ ಪೆಡಲ್ ಇರಲಿಲ್ಲ. ಚಾಲಕ ಚಿಕ್ಕ ಕಡ್ಡಿಯೊಂದನ್ನು ಸರಿಸಿದರೆ ಉಳಿದದ್ದನ್ನು ಎಣ್ಣೆಯೇ ಮಾಡುತ್ತಿತ್ತು. ಆದರೆ ಅಲ್ಲಿ ಯಾವಾಗ, ಎಷ್ಟು ಎಂಬುದೆಲ್ಲ ವಾಲ್ವು, ಸ್ಪ್ರಿಂಗುಗಳ ಜೋಡಣೆಯಲ್ಲೇ ಅಡಕವಾಗಿತ್ತು. ಬರ್ನಾರ್ಡ್ ಅವರ ಕಾರಿನಲ್ಲಿ ಅದು ತಂತಿಗಳ ಮೂಲಕ ಬರುವ ಅಪ್ಪಣೆಯಾಯಿತು. ಇಟಲಿಯ ಮ್ಯಾಗ್ನೆಟಿ ಮರೆಲ್ಲಿ ಕಂಪನಿ ಅದರ ಎಲೆಕ್ಟ್ರಾನಿಕ್ಸ್ ಒದಗಿಸಿತು.

ಹಾಗಾದರೆ ಕಾರು ಕೆಡುತ್ತಿದ್ದದ್ದೇಕೆ? ಎಲ್ಲರ ಬೆರಳೂ ಹೊಸ ಗೇರ್‌ಬಾಕ್ಸಿನ ಕಡೆಗಿತ್ತು. ಹುಡುಕುತ್ತ ಹೋದಾಗ ಸಿಕ್ಕ ದೊಡ್ಡ ಕಳ್ಳ ಬೇರೆ: ಎಂಜಿನ್ನಿನ ನಡುಕಕ್ಕೆ ಆಲ್ಟರ್ನೇಟರಿನ ಬೆಲ್ಟು ಕಳಚಿ ಹಾರುತ್ತಿತ್ತು. ಬೆಲ್ಟು ಹೋದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ವಾಲ್ವು ತೆರೆಯದು, ಗೇರು ಬೀಳದು. ಹಳೆಯ ಕಾರಿನಲ್ಲಿ ಬ್ಯಾಟರಿ ಸೊರಗಿದರೂ ಕೈಯಿಂದ ಗೇರ್ ಹಾಕಬಹುದಿತ್ತು. ಇಲ್ಲಿ ಕೈಗೂ ಗೇರಿಗೂ ನಡುವೆ ಇದ್ದದ್ದು ತಂತಿ ಮಾತ್ರ.

ಆ ದಿನ ರಿಯೋದಲ್ಲಿ ಮ್ಯಾನ್ಸೆಲ್ ಗೆದ್ದೇಬಿಟ್ಟರು. ನಡುವೆ ಸ್ಟೀರಿಂಗೇ ಸಡಿಲವಾಗಿ ಪಿಟ್‌ನಲ್ಲಿ ಬೇರೊಂದನ್ನು ಹಾಕಿಸಿಕೊಂಡಿದ್ದರೂ! ಗೆಲುವು ರೋಗವನ್ನು ವಾಸಿ ಮಾಡಲಿಲ್ಲ. ಅವರ ಜೊತೆಗಾರ ಗೆರ್ಹಾರ್ಡ್ ಬರ್ಗರ್ ಆ ವರ್ಷ ಮೂರೇ ರೇಸುಗಳನ್ನು ಮುಗಿಸಿದ್ದು. ಆದರೂ ಈ ಏರ್ಪಾಡಿನ ಬೆಲೆ ಗೊತ್ತಾಗಲು ಬರ್ಗರ್ ಅವರ ಕೈಗಳನ್ನೇ ನೋಡಬೇಕು. ಏಪ್ರಿಲ್ 23ರಂದು ಇಮೋಲಾದಲ್ಲಿ ಅವರ ಕಾರು ಗೋಡೆಗೆ ಗುದ್ದಿ ಹೊತ್ತಿಕೊಂಡಿತು, ಕೈಗಳು ಸುಟ್ಟವು. ಮೇ 28ರಂದು ಮೆಕ್ಸಿಕೋದಲ್ಲಿ ಅವರು ಮತ್ತೆ ಕಾರಿನಲ್ಲಿದ್ದರು. ಲಿವರನ್ನು ಅಂಗೈಯಲ್ಲಿ ಹಿಡಿದು ಜಗ್ಗಬೇಕಾಗಿದ್ದರೆ ಅಷ್ಟು ಬೇಗ ಮರಳುವುದು ಕಷ್ಟವಿತ್ತು. ಇಲ್ಲಿ ಬೆರಳು ಆಡಿದರೆ ಸಾಕಿತ್ತು.

ಕೆಲವೇ ವರ್ಷಗಳಲ್ಲಿ ರೇಸಿನ ಕಾರುಗಳೆಲ್ಲ ಇದೇ ದಾರಿ ಹಿಡಿದವು. 1997ರಲ್ಲಿ ಫೆರಾರಿ ಎಫ್355 ಮೂಲಕ ಇದು ರಸ್ತೆಗೂ ಇಳಿಯಿತು. ಸಾಹುಕಾರರ ಆಟಿಕೆ ಎಂದುಕೊಳ್ಳುವಷ್ಟರಲ್ಲಿ, 2014ರ ಫೆಬ್ರುವರಿಯಲ್ಲಿ ಗ್ರೇಟರ್ ನೋಯ್ಡಾದ ಆಟೋ ಎಕ್ಸ್‌ಪೋದಲ್ಲಿ ಮಾರುತಿ ಸೆಲೆರಿಯೋ ಬಂತು. ಅದೇ ಐದು ಗೇರಿನ ಮ್ಯಾನುವಲ್ ಬಾಕ್ಸು, ಮೇಲೆ ಅದೇ ಮ್ಯಾಗ್ನೆಟಿ ಮರೆಲ್ಲಿಯ ಎಣ್ಣೆ–ವಿದ್ಯುತ್ತಿನ ಸಲಕರಣೆ. ಹೊಸ ಬಗೆಯ ಗೇರ್‌ಬಾಕ್ಸ್ ಕಟ್ಟುವ ಖರ್ಚಿಲ್ಲ. ಎರಡೂ ಬಗೆಯ ಸೆಲೆರಿಯೋಗಳಿಗೆ ಘೋಷಿಸಿದ ಮೈಲೇಜು ಒಂದೇ, ಲೀಟರಿಗೆ 23.1 ಕಿಲೋಮೀಟರ್. ನಮ್ಮ ದೇಶದಲ್ಲಿ ಕಾರು ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಶಿಫಾರಸು ಬೇಡ. ಪುಣೆ, ಹೈದರಾಬಾದಿನ ಟ್ರಾಫಿಕ್ಕಿನಲ್ಲಿ ಎಡಗಾಲಿಗೆ ಬಿಡುವು ಸಿಕ್ಕಿತು.

ಇದರಲ್ಲಿ ಕಂಪ್ಯೂಟರು ಬರೀ ಅಪ್ಪಣೆ ಪಾಲಿಸುವುದಿಲ್ಲ, ತೀರ್ಮಾನವನ್ನೂ ಮಾಡುತ್ತದೆ. ವೇಗ, ಎಂಜಿನ್ನಿನ ಸುತ್ತು, ಕಾಲಿನ ಒತ್ತು ಎಲ್ಲವನ್ನೂ ಅಳೆದು ತಾನೇ ಗೇರ್ ಆರಿಸುತ್ತದೆ. ಚಾಲಕನೇ ಆರಿಸುವಾಗಲೂ, ಎಂಜಿನ್ ಮಿತಿಮೀರಿ ತಿರುಗುವಂತಿದ್ದರೆ ಕೆಳಗಿನ ಗೇರಿಗೆ ಇಳಿಯಲು ಒಪ್ಪದು. ಕನ್ನಡದ ಚಾಲಕರ ಬಾಯಲ್ಲಿ ಗೇರನ್ನು ‘ಹಾಕುವುದು’ ಬೇರೆ, ಅದು ‘ಬೀಳುವುದು’ ಬೇರೆ. ಇಂಥ ಕಾರಿನಲ್ಲಿ ಹಾಕುವವನು ಮರೆಗೆ ಸರಿದು ಬೀಳುವುದಷ್ಟೇ ಉಳಿದಿದೆ. ಬೀಳುವಾಗ ತಲೆ ಒಮ್ಮೆ ಮುಂದಕ್ಕೆ ತೂಗುತ್ತದೆ: ಇರುವುದು ಒಂದೇ ಕ್ಲಚ್ಚಾದ್ದರಿಂದ ಗೇರ್ ಬದಲಾಗುವ ಆ ಕ್ಷಣ ಚಕ್ರಕ್ಕೆ ಬಲ ಹರಿಯುವುದಿಲ್ಲ. ಅದನ್ನು ದೋಷವೆನ್ನುವವರು ಡ್ರೈವಿಂಗ್ ಕಲಿತ ಮೊದಲ ವಾರ ತಾವೇ ಹೇಗೆ ತೂಗಾಡಿದ್ದೆವೆಂದು ನೆನೆಯಬಹುದು.

ಸೆಲೆರಿಯೋದ ಲಿವರಿನಲ್ಲಿ ಆರ್, ಎನ್, ಡಿ, ಎಂ ಇವೆ. ಮಾಮೂಲಿ ಆಟೋಮ್ಯಾಟಿಕ್ಕಿನ ‘ಪಿ’ ಇಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ, ಹಳೆಯ ಲಾರಿ ಡ್ರೈವರುಗಳಂತೆಯೇ, ಹ್ಯಾಂಡ್‌ಬ್ರೇಕ್ ಎಳೆದು ಗಾಡಿಯನ್ನು ಗೇರಿನಲ್ಲಿ ಬಿಟ್ಟು ಇಳಿಯಬೇಕು.